ಬಿಂಗೋ, ಹೌಸಿ, ತಂಬೋಲ: ಒಂದೂರಲ್ಲಿ ಜೋರು, ಇನ್ನೊಂದೂರಲ್ಲಿ ಸಪ್ಪೆ, ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬಿಂಗೋ, ಹೌಸಿ, ತಂಬೋಲ ಬೇರೆ ಬೇರೆ ಆಟಗಳೇ?

ಮೂರೂ ಒಂದೇ ಮನೆತನದವು. ಒಬ್ಬರು ಚೀಲದಿಂದಲೋ ಯಂತ್ರದಿಂದಲೋ ನಂಬರ್ ತೆಗೆದು ಕೂಗುತ್ತಾರೆ, ಉಳಿದವರು ತಮ್ಮ ಟಿಕೆಟ್ಟಿನಲ್ಲಿ ಅದಿದ್ದರೆ ಗೀಟು ಹಾಕುತ್ತಾರೆ, ಗೊತ್ತುಮಾಡಿದ ಸಾಲು ಮೊದಲು ತುಂಬಿದವರು ಗೆದ್ದರು. ಆದರೆ ಜಗತ್ತಿನಲ್ಲಿ ಟಿಕೆಟ್ಟು ಮುಖ್ಯವಾಗಿ ಎರಡು ಬಗೆ.

ನಮ್ಮಲ್ಲಿ, ಬ್ರಿಟನ್ನಿನಲ್ಲಿ, ಇಟಲಿಯಲ್ಲಿ, ಸ್ಪೇನಿನಲ್ಲಿ, ನ್ಯೂಜಿಲೆಂಡಿನಲ್ಲಿ ನಡೆಯುವುದು 90ರ ಆಟ. ಟಿಕೆಟ್ಟಿನಲ್ಲಿ ಮೂರು ಅಡ್ಡಸಾಲು, ಒಂಬತ್ತು ಕಂಬಸಾಲು, ಒಟ್ಟು 27 ಮನೆ. ಪ್ರತಿ ಅಡ್ಡಸಾಲಿನಲ್ಲಿ ಐದು ನಂಬರ್, ಒಟ್ಟು 15. ಮಿಕ್ಕ 12 ಮನೆ ಖಾಲಿ. ಮೊದಲ ಕಂಬದಲ್ಲಿ 1ರಿಂದ 9, ಎರಡನೆಯದರಲ್ಲಿ 10ರಿಂದ 19, ಹೀಗೇ ಸಾಗಿ ಕೊನೆಯ ಕಂಬದಲ್ಲಿ 80ರಿಂದ 90. ಅಮೆರಿಕ, ಕೆನಡಾದಲ್ಲಿ ನಡೆಯುವುದು 75ರ ಆಟ. ಅದು ಐದಕ್ಕೆ ಐದರ ಚೌಕ, ಮೇಲೆ ಇಂಗ್ಲಿಷಿನ BINGO ಪದದ ಐದು ಅಕ್ಷರ, ಒಂದೊಂದರ ಕೆಳಗೆ ಹದಿನೈದು ನಂಬರಿನ ಗುಂಪಿನಿಂದ ಆಯ್ದವು, ನಡುಮನೆ ಪುಕ್ಕಟೆ. ಅಡ್ಡ, ಉದ್ದ, ಓರೆ ಹೇಗೆ ತುಂಬಿದರೂ ನಡೆಯುತ್ತದೆ. ಕೆಲವು ಸುತ್ತುಗಳಲ್ಲಿ ಕಿಟಕಿ, ಶಿಲುಬೆ ಮುಂತಾದ ಆಕಾರಗಳನ್ನೂ ತುಂಬಿಸಬೇಕು.

ತಂಬೋಲಕ್ಕೂ ತಾಂಬೂಲಕ್ಕೂ ನಂಟಿದೆಯೇ?

ಇಲ್ಲ. ಕೆಲವು ಆಮಂತ್ರಣಗಳಲ್ಲಿ 'ತಾಂಬೂಲ ಆಟ' ಎಂದೇ ಅಚ್ಚಾಗಿರುವುದುಂಟು, ಅದು ತಪ್ಪು. ಇಟಲಿಯ 'ತೊಂಬೊಲಾ' ಬ್ರಿಟಿಷರ ಬಾಯಲ್ಲಿ ಹಾದು ನಮ್ಮಲ್ಲಿ ತಂಬೋಲ ಆಯಿತು. ಇಡೀ ಟಿಕೆಟ್ ತುಂಬಿದವರು 'ಹೌಸ್' ಎಂದು ಕೂಗುವುದರಿಂದ ಹೌಸಿ. ಉತ್ತರ ಭಾರತದಲ್ಲಿ ತಂಬೋಲ ಎಂಬ ಹೆಸರೇ ಮುಂದು. ಗೋವಾ, ಮಂಗಳೂರು ಮತ್ತು ಬೆಂಗಳೂರಿನ ದಂಡು ಪ್ರದೇಶದ ಹಳಬರಲ್ಲಿ ಹೌಸಿ.

ಒಂದೇ ಆಟ ಒಂದು ಕಡೆ ಹುಚ್ಚು ಹಿಡಿಸುತ್ತದೆ, ಇನ್ನೊಂದು ಕಡೆ ಯಾರಿಗೂ ಬೇಡ. ಕಾರಣವೇನು?

ಜನರ ಸ್ವಭಾವ, ಹವಾಮಾನ, ದುಡ್ಡಿನ ಆಸೆ ಎಂದೆಲ್ಲ ಹೇಳುವವರಿದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದದ್ದು ಬೇರೆ: ಆ ಊರಿನಲ್ಲಿ ಆಟ ನಡೆಸಲು ಯಾರಿಗೆ ಅನುಮತಿ ಇತ್ತು, ಕೂರಲು ಜಾಗ ಯಾರ ಹತ್ತಿರ ಇತ್ತು, ಬಂದ ಹಣ ಎಲ್ಲಿಗೆ ಹೋಯಿತು. ಬ್ರಿಟನ್ನಿನಲ್ಲಿ ಖಾಲಿ ಬಿದ್ದ ಸಿನಿಮಾ ಮಂದಿರಗಳಿದ್ದವು. ಅಮೆರಿಕದಲ್ಲಿ ಚರ್ಚಿನ ನೆಲಮಾಳಿಗೆ ಇತ್ತು. ಸ್ವೀಡನ್ನಿನಲ್ಲಿ ಊರೂರಿನ ಕ್ರೀಡಾ ಸಂಘಗಳಿದ್ದವು. ನಮ್ಮಲ್ಲಿ ಸೇನೆಯ ಮೆಸ್ಸು, ರೈಲ್ವೆ ಇನ್ಸ್ಟಿಟ್ಯೂಟು, ಕ್ಲಬ್ಬು. ಜಾಗದ ಒಡೆಯ ಬದಲಾದಂತೆ ಆಡುವವರೂ ಬದಲಾದರು. ಮುಂದಿನ ಉತ್ತರಗಳನ್ನು ಈ ಕಣ್ಣಿನಿಂದಲೇ ಓದಿ.

ಬ್ರಿಟನ್ನಿನಲ್ಲಿ ಇಷ್ಟು ಜೋರಾದದ್ದು ಹೇಗೆ?

1960ರ ಬೆಟ್ಟಿಂಗ್ ಅಂಡ್ ಗೇಮಿಂಗ್ ಕಾಯ್ದೆಯಿಂದ. ಸಣ್ಣಪುಟ್ಟ ಜೂಜಿಗೆ ದಾರಿ ಮಾಡಿಕೊಡಲೆಂದು ಬಂದ ಆ ಕಾಯ್ದೆ 1961ರಲ್ಲಿ ಜಾರಿಯಾಯಿತು. ಅದೇ ಹೊತ್ತಿಗೆ ಟೆಲಿವಿಷನ್ ಮನೆಮನೆಗೆ ಬಂದು ಸಿನಿಮಾ ಮಂದಿರಗಳು ಬಣಗುಟ್ಟುತ್ತಿದ್ದವು. ಸಾಲು ಕುರ್ಚಿ, ವೇದಿಕೆ, ಧ್ವನಿವರ್ಧಕ, ಬಸ್ಸಿಳಿದರೆ ಎದುರಿಗೇ ಬಾಗಿಲು. ಬಿಂಗೋಗೆ ಬೇಕಾದ್ದೆಲ್ಲ ಅಲ್ಲಿ ಸಿದ್ಧವಿತ್ತು. ಲಂಡನ್ನಿನ ಟೂಟಿಂಗ್‌ನಲ್ಲಿ 1931ರಲ್ಲಿ ತೆರೆದ ಗ್ರಾನಡಾ ಸಿನಿಮಾ ಮಂದಿರ ಇದಕ್ಕೆ ಒಳ್ಳೆಯ ಉದಾಹರಣೆ. ಒಳಗೆಲ್ಲ ಗಾಥಿಕ್ ಕಮಾನು, ಕನ್ನಡಿಯ ಮೊಗಸಾಲೆ. ಅದು 1976ರಲ್ಲಿ ಬಿಂಗೋ ಮಂದಿರವಾಯಿತು. ಬಿಂಗೋ ಹಿಡಿದಿಟ್ಟುಕೊಂಡದ್ದರಿಂದಲೇ ಇಂಥ ಎಷ್ಟೋ ಕಟ್ಟಡಗಳು ಕೆಡವುವವರ ಕೈಗೆ ಸಿಗದೆ ಉಳಿದವು.

ಆದರೆ ಬ್ರಿಟನ್ ಪೂರ್ತಿ ಒಂದೇ ಸಮ ಅಲ್ಲ. ಇಂಗ್ಲೆಂಡಿನ ಉತ್ತರ ಭಾಗ, ಸ್ಕಾಟ್ಲೆಂಡ್, ವೇಲ್ಸ್‌ನ ಗಣಿ ಮತ್ತು ಕಾರ್ಖಾನೆ ಊರುಗಳಲ್ಲಿ ಬಿಂಗೋ ಬೇರು ಆಳ. ದಕ್ಷಿಣದ ಸಿರಿವಂತ ಪಟ್ಟಣಗಳಲ್ಲಿ ತೆಳು. ಗಂಡಸರಿಗೆ ಪಬ್ ಇತ್ತು, ಕಾರ್ಮಿಕರ ಕ್ಲಬ್ ಇತ್ತು. ಹೆಂಗಸೊಬ್ಬಳು ಒಂಟಿಯಾಗಿ ಹೋಗಿ, ಯಾರ ಮಾತೂ ಕೇಳಿಸಿಕೊಳ್ಳದೆ, ಎರಡು ಗಂಟೆ ಕುಳಿತು, ಗೆಳತಿಯರ ಜೊತೆ ಚಹಾ ಕುಡಿದು ಬರಬಹುದಾದ ಜಾಗ ಬಿಂಗೋ ಮಂದಿರವೊಂದೇ ಆಗಿತ್ತು. ಬ್ರಿಟನ್ನಿನ ಬಿಂಗೋ ಮಂದಿರಗಳನ್ನು ತುಂಬಿದ್ದು ಹೆಂಗಸರೇ. ಕಡಲತೀರದ ವಿಹಾರದೂರುಗಳಲ್ಲಿ ಮಾತ್ರ ಬೇರೆ ಬಗೆ. ಅಲ್ಲಿ ಚಿಲ್ಲರೆ ಕಾಸಿಗೆ ಆಡಿ ಗೊಂಬೆ, ಪಾತ್ರೆ ಗೆಲ್ಲುವ ಪ್ರೈಜ್ ಬಿಂಗೋ.

ಹಾಗಾದರೆ ಅಲ್ಲಿ ಮಂದಿರಗಳು ಮುಚ್ಚುತ್ತಿರುವುದು ಯಾಕೆ?

ಆನ್‌ಲೈನ್ ಬಿಂಗೋ ಒಂದು ಕಾರಣ. ಅದಕ್ಕಿಂತ ಮೊದಲು ಬಿದ್ದ ಪೆಟ್ಟು ಧೂಮಪಾನ ನಿಷೇಧದ್ದು: ಸ್ಕಾಟ್ಲೆಂಡ್‌ನಲ್ಲಿ ಮಾರ್ಚ್ 2006, ವೇಲ್ಸ್‌ನಲ್ಲಿ ಏಪ್ರಿಲ್ 2007, ಇಂಗ್ಲೆಂಡಿನಲ್ಲಿ ಜುಲೈ 2007. ಸಿಗರೇಟಿಗೂ ಬಿಂಗೋಗೂ ಏನು ಸಂಬಂಧ ಎಂದು ಕೇಳಬಹುದು. ಮಂದಿರದ ಲಾಭ ಮುಖ್ಯ ಆಟದಿಂದಲೇ ಬರುವುದಿಲ್ಲ. ನಡುವಿನ ಬಿಡುವಿನಲ್ಲಿ ಮೇಜಿನ ಮೇಲೇ ಅಳವಡಿಸಿದ ಪಟ್ಟಿಗೆ ನಾಣ್ಯ ಹಾಕಿ ಆಡುವ ಚುಟುಕು ಸುತ್ತುಗಳಿಂದ, ಪಕ್ಕದ ಯಂತ್ರಗಳಿಂದ, ತಿಂಡಿಯಿಂದ ಬರುತ್ತದೆ. ನಿಷೇಧವಾದ ಮೇಲೆ ಬಿಡುವು ಸಿಕ್ಕ ತಕ್ಷಣ ಸೇದುವವರು ಎದ್ದು ಅಂಗಳಕ್ಕೆ ಹೋದರು, ಅದೇ ಹತ್ತು ನಿಮಿಷದ ಆದಾಯವೂ ಅವರ ಹಿಂದೆ ಹೋಯಿತು. 2014ರಲ್ಲಿ ಸರ್ಕಾರ ಬಿಂಗೋ ಸುಂಕವನ್ನು ಶೇ 20ರಿಂದ ಶೇ 10ಕ್ಕೆ ಇಳಿಸಿತು. ಅಷ್ಟರೊಳಗೆ ಎಷ್ಟೋ ಬಾಗಿಲು ಮುಚ್ಚಿಯಾಗಿತ್ತು.

'ಟೂ ಫ್ಯಾಟ್ ಲೇಡೀಸ್, 88' ಎಂದು ಈಗಲೂ ಕೂಗುತ್ತಾರೆಯೇ?

ನಂಬರಿಗೊಂದು ತಮಾಷೆಯ ಮಾತು ಜೋಡಿಸಿ ಕೂಗುವ ಈ ರೂಢಿ ನಮ್ಮ ಕ್ಲಬ್ಬುಗಳಲ್ಲಿ, ಹಬ್ಬದ ಸಭೆಗಳಲ್ಲಿ ಖಂಡಿತ ಇದೆ. ಬ್ರಿಟನ್ನಿನ ದೊಡ್ಡ ಮಂದಿರಗಳಲ್ಲಿ ಅಪರೂಪ. ಅಲ್ಲಿ ಒಬ್ಬೊಬ್ಬರೂ ಆರು ಟಿಕೆಟ್ಟಿನ ಪಟ್ಟಿ ಹರಡಿಕೊಂಡು, ಎರಡು ಮೂರು ಸೆಕೆಂಡಿಗೊಂದು ನಂಬರಿಗೆ ಶಾಯಿ ಒತ್ತುತ್ತಿರುತ್ತಾರೆ. ನಡುವೆ ಪ್ರಾಸ ಹೇಳಿದರೆ ಜನ ಗದರಿಸುತ್ತಾರೆ. ಆರರ ಪಟ್ಟಿಯ ಗುಟ್ಟು ಇದು: 6 ಟಿಕೆಟ್, ತಲಾ 15 ನಂಬರ್, ಒಟ್ಟು 90. ಒಂದರಿಂದ ತೊಂಬತ್ತರವರೆಗೆ ಪ್ರತಿ ನಂಬರೂ ಪಟ್ಟಿಯಲ್ಲಿ ಒಂದೇ ಒಂದು ಸಲ ಬರುತ್ತದೆ. ಕೂಗಿದ ಪ್ರತಿಯೊಂದೂ ನಿಮ್ಮ ಪಟ್ಟಿಯಲ್ಲಿ ಎಲ್ಲೋ ಇದ್ದೇ ಇರುತ್ತದೆ, ಕಣ್ಣು ಒಂದು ಕ್ಷಣವೂ ಕದಲುವಂತಿಲ್ಲ.

ಇಟಲಿಯ ತೊಂಬೊಲಾ ಎಷ್ಟು ಹಳೆಯದು? ಅಲ್ಲಿ ಎಲ್ಲ ಕಡೆ ಆಡುತ್ತಾರೆಯೇ?

ಕ್ರಿಸ್‌ಮಸ್ ದಿನಗಳಲ್ಲಿ ಇಟಲಿಯ ಉದ್ದಗಲಕ್ಕೂ ಆಡುತ್ತಾರೆ, ಆದರೆ ಅದರ ತವರು ನೇಪಲ್ಸ್. 1734ರಲ್ಲಿ ರಾಜ ಚಾರ್ಲ್ಸ್ ಮತ್ತು ಫಾದರ್ ರೊಕ್ಕೊ ನಡುವೆ ಲಾಟರಿ ಬೇಕೋ ಬೇಡವೋ ಎಂಬ ವಾದ ನಡೆದು, ಕ್ರಿಸ್‌ಮಸ್ ವಾರ ಮಾತ್ರ ಲಾಟರಿ ನಿಲ್ಲಿಸಬೇಕೆಂದು ರಾಜಿಯಾಯಿತಂತೆ. ಆ ವಾರ ಸುಮ್ಮನಿರಲಾರದ ಜನ ಮನೆಯಲ್ಲೇ ಆಡಿಕೊಂಡದ್ದು ತೊಂಬೊಲಾ ಆಯಿತು ಎಂಬುದು ಅಲ್ಲಿನ ಪ್ರತೀತಿ.

ಟಿಕೆಟ್ ನಮ್ಮದೇ, ಮೂರು ಒಂಬತ್ತರದು. ಬಹುಮಾನ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ: ಒಂದೇ ಸಾಲಿನಲ್ಲಿ ಎರಡು ತುಂಬಿದರೆ ಆಂಬೊ, ಮೂರಕ್ಕೆ ತೆರ್ನೊ, ನಾಲ್ಕಕ್ಕೆ ಕ್ವಾತೆರ್ನ, ಐದಕ್ಕೆ ಚಿಂಕ್ವಿನ, ಇಡೀ ಟಿಕೆಟ್ಟಿಗೆ ತೊಂಬೊಲಾ. ಗೀಟು ಹಾಕುವ ಬದಲು ಒಣಗಿದ ಬೀನ್ಸ್ ಕಾಳು ಅಥವಾ ಕಿತ್ತಳೆ ಸಿಪ್ಪೆಯ ಚೂರು ಇಡುತ್ತಾರೆ. ಪ್ರತಿ ನಂಬರಿಗೂ 'ಸ್ಮೋರ್ಫಿಯ' ಎಂಬ ಕನಸಿನ ಪಟ್ಟಿಯ ಪ್ರಕಾರ ಒಂದು ಅರ್ಥ: 25 ಕ್ರಿಸ್‌ಮಸ್, 47 ಸತ್ತವನು, 48 ಮಾತಾಡುವ ಸತ್ತವನು, 90 ಭಯ. ನೇಪಲ್ಸ್‌ನ ಹಳೆಯ ಕೇರಿಗಳಲ್ಲಿ 'ಫೆಮ್ಮಿನಿಯೆಲ್ಲಿ' ಎಂದು ಕರೆಯುವ, ಹೆಣ್ಣುಡುಗೆಯಲ್ಲಿ ಬಾಳುವ ಸಮುದಾಯದವರು ನಂಬರ್ ತೆಗೆದು, ಒಂದಕ್ಕೊಂದು ಅರ್ಥ ಪೋಣಿಸಿ ಕಥೆ ಕಟ್ಟುತ್ತಾ ಹೋಗುತ್ತಾರೆ. ಸಾವಿರಾರು ಮೈಲಿ ಆಚೆ ದಕ್ಷಿಣ ವಿಯೆಟ್ನಾಮಿನ 'ಲೊ ತೊ' ಮೇಳಗಳಲ್ಲೂ ಲಿಂಗಪರಿವರ್ತಿತ ಕಲಾವಿದೆಯರೇ ನಂಬರುಗಳನ್ನು ಹಾಡಿ ಹೇಳುತ್ತಾರೆ. ಎರಡೂ ಕಡೆ ಜನ ಸೇರುವುದು ಬಹುಮಾನಕ್ಕಿಂತ ಹೆಚ್ಚಾಗಿ ಆ ಹೇಳುವ ಸೊಗಸಿಗೆ.

ಅಮೆರಿಕದಲ್ಲಿ ಚರ್ಚುಗಳು ಬಿಂಗೋ ನಡೆಸುತ್ತವೆಯಲ್ಲ, ಅದು ಜೂಜಲ್ಲವೇ?

ಜೂಜೇ. ಆದರೆ ಬಹಳಷ್ಟು ರಾಜ್ಯಗಳು ಧರ್ಮಾರ್ಥ ಸಂಸ್ಥೆಗಳಿಗೆ ಲೈಸೆನ್ಸ್ ಕೊಟ್ಟು ಬಿಂಗೋಗೆ ವಿನಾಯಿತಿ ಇಟ್ಟಿವೆ. ಹೀಗಾಗಿ ಕ್ಯಾಥೊಲಿಕರು ಹೆಚ್ಚಿರುವ ಈಶಾನ್ಯ ಮತ್ತು ಮಧ್ಯಪಶ್ಚಿಮ ಭಾಗದಲ್ಲಿ ಚರ್ಚು, ಸ್ವಯಂಸೇವಕ ಅಗ್ನಿಶಾಮಕ ದಳ, ಮಾಜಿ ಸೈನಿಕರ ಸಂಘಗಳ ಹಾಲ್‌ಗಳಲ್ಲಿ ಬಿಂಗೋ ರಾತ್ರಿಗಳು ಬೆಳೆದವು. ಮ್ಯಾಸಚುಸೆಟ್ಸ್‌ನ ಕಾನೂನಿನಲ್ಲಿ ಈ ಆಟಕ್ಕೆ ಇಂದಿಗೂ 'ಬೀನೊ' ಎಂದೇ ಹೆಸರು. ಮನೆ ಮುಚ್ಚಲು ಬೀನ್ಸ್ ಕಾಳು ಬಳಸುತ್ತಿದ್ದ ದಿನಗಳ ನೆನಪು ಅದು. ಯೂಟಾ ಮತ್ತು ಹವಾಯಿಯಲ್ಲಿ ಮಾತ್ರ ದುಡ್ಡಿನ ಆಟಕ್ಕೆ ಪೂರ್ತಿ ಬಾಗಿಲು ಹಾಕಿದೆ.

ಇನ್ನೊಂದು ದೊಡ್ಡ ಕವಲು ಮೂಲನಿವಾಸಿ ಬುಡಕಟ್ಟುಗಳದ್ದು. 1979ರಲ್ಲಿ ಫ್ಲಾರಿಡಾದ ಸೆಮಿನೋಲ್ ಬುಡಕಟ್ಟು, ರಾಜ್ಯದ ಮಿತಿಗಿಂತ ದೊಡ್ಡ ಬಹುಮಾನದ ಬಿಂಗೋ ಮಂದಿರ ತೆರೆಯಿತು. ನ್ಯಾಯಾಲಯ ಬುಡಕಟ್ಟಿನ ಪರ ನಿಂತಿತು. ಕ್ಯಾಲಿಫೋರ್ನಿಯಾದ ಕಬಾಜೋನ್ ಬುಡಕಟ್ಟಿನ ಮೊಕದ್ದಮೆಯಲ್ಲಿ 1987ರಲ್ಲಿ ಸುಪ್ರೀಂ ಕೋರ್ಟೂ ಅದೇ ಹಾದಿ ಹಿಡಿಯಿತು. ಮರುವರ್ಷ ಕೇಂದ್ರ ಕಾಯ್ದೆ ಬಂತು. ಇವತ್ತು ಅಲ್ಲಿ ಕಾಣುವ ಬುಡಕಟ್ಟುಗಳ ಭಾರಿ ಕ್ಯಾಸಿನೊಗಳೆಲ್ಲ ಆ ಬಿಂಗೋ ಹಾಲಿನಿಂದ ಬೆಳೆದವು.

ಹಳ್ಳಿಗಾಡಿನಲ್ಲಿ ಜೋರಾಗಿರುವ ದೇಶಗಳಿವೆಯೇ?

ಫ್ರಾನ್ಸ್. ಚಳಿಗಾಲದಲ್ಲಿ ಅಲ್ಲಿನ ಊರುಗಳ ಸಮುದಾಯ ಭವನದಲ್ಲಿ 'ಲೊತೊ' ನಡೆಯುತ್ತದೆ. ಒಂದು ಸಾಲಿಗೆ 'ಕೀನ್' ಎನ್ನುತ್ತಾರೆ. ಬಹುಮಾನ ಹಂದಿಮಾಂಸ, ದಿನಸಿ ಬುಟ್ಟಿ. ಕಟ್ಟುವ ಹಣ 20 ಯೂರೋಗಿಂತ ಕಡಿಮೆ ಇರಬೇಕೆಂದು ಕಾನೂನು. ಸ್ವೀಡನ್ನಿನಲ್ಲಿ ಕಾರಿನಲ್ಲೇ ಕುಳಿತು ಆಡಿ, ಗೆದ್ದರೆ ಹಾರ್ನ್ ಹೊಡೆಯುವ ಪದ್ಧತಿ ಬೇಸಿಗೆಯಲ್ಲಿ ಕಾಣುತ್ತದೆ. 1991ರಿಂದ ದೇಶಕ್ಕೆಲ್ಲ ಪ್ರಸಾರವಾದ 'ಬಿಂಗೊಲೊತ್ತೊ' ಕಾರ್ಯಕ್ರಮದ ಟಿಕೆಟ್ ಮಾರಿದ ಹಣ ಕ್ರೀಡಾ ಸಂಘಗಳಿಗೆ ಹೋಗುತ್ತದೆ. ಕೆನಡಾದ ನ್ಯೂಫೌಂಡ್‌ಲೆಂಡ್‌ನಲ್ಲಿ ಮತ್ತು ಮೂಲನಿವಾಸಿಗಳ ದೂರದ ಊರುಗಳಲ್ಲಿ ರೇಡಿಯೋದಲ್ಲೇ ನಂಬರ್ ಕೂಗುತ್ತಾರೆ, ಗೆದ್ದವರು ಫೋನ್ ಮಾಡುತ್ತಾರೆ. ಮೆಕ್ಸಿಕೋದಲ್ಲಿ ನಂಬರಿನ ಬದಲು ಚಿತ್ರ: 54 ಎಲೆಯ 'ಲೊತೆರಿಯ', ನಾಲ್ಕಕ್ಕೆ ನಾಲ್ಕರ ಹಲಗೆ. ಓದು ಬಾರದ ಅಜ್ಜಿಯೂ ಶಾಲೆಗೆ ಸೇರದ ಮೊಮ್ಮಗಳೂ ಒಟ್ಟಿಗೆ ಆಡಬಹುದು.

ಕರ್ನಾಟಕಕ್ಕೆ ಹೌಸಿ ಬಂದದ್ದು ಹೇಗೆ? ಎಲ್ಲ ಜಿಲ್ಲೆಗಳಲ್ಲಿ ಯಾಕಿಲ್ಲ?

ಬ್ರಿಟಿಷ್ ಸೇನೆಯಲ್ಲಿ ಬೇರೆ ಜೂಜಿಗೆಲ್ಲ ನಿಷೇಧವಿದ್ದರೂ ಸಿಪಾಯಿಗಳಿಗೆ ಹೌಸಿ ಆಡಲು ಬಿಡುತ್ತಿದ್ದರು. ಹಾಗಾಗಿ ದಂಡು ಇದ್ದಲ್ಲೆಲ್ಲ ಆಟ ಇಳಿಯಿತು. ಬೆಂಗಳೂರಿನ ದಂಡು ಪ್ರದೇಶ, ಕೆಜಿಎಫ್‌ನ ಆಂಗ್ಲೋ ಇಂಡಿಯನ್ ಕುಟುಂಬಗಳು, ರೈಲ್ವೆ ಕಾಲೊನಿಗಳು, ಮಲೆನಾಡಿನ ಕಾಫಿ ತೋಟದವರ ಕ್ಲಬ್ಬುಗಳು, ಸೇನೆಗೆ ಹೋಗಿಬಂದವರು ಮನೆಗೊಬ್ಬರಂತೆ ಇರುವ ಕೊಡಗು. ಕರಾವಳಿಗೆ ಇನ್ನೊಂದು ದಾರಿ: ಮಂಗಳೂರಿನ ಚರ್ಚ್ ಹಬ್ಬಗಳು, ಮದುವೆಯ ಹಿಂದಿನ ದಿನದ ಕೂಟಗಳು. ಪಕ್ಕದ ಗೋವಾದಲ್ಲಂತೂ ಚರ್ಚಿನ ಫೆಸ್ತಕ್ಕೆ ಹೌಸಿ ಬೇಕೇ ಬೇಕು.

ದಂಡು, ಕ್ಲಬ್ಬು, ಚರ್ಚು ಮೂರೂ ತೆಳುವಾಗಿರುವ ಒಳನಾಡಿನ ಹಳ್ಳಿಗಳಲ್ಲಿ ಆಟಕ್ಕೆ ನಿಲ್ಲಲು ನೆಲ ಸಿಗಲಿಲ್ಲ. ಅಲ್ಲಿ ಯುಗಾದಿಗೆ ಇಸ್ಪೀಟು, ಮನೆಯೊಳಗೆ ಚೌಕಾಬಾರ, ಪಗಡೆ. ನಂಬರಿನ ಚಪಲಕ್ಕೆ ಮಟ್ಕಾ ಎಂಬ ಓಸಿ ಬಂದು ಕೂತಿತು; ಕುಟುಂಬಗಳನ್ನು ಹಾಳುಮಾಡಿದ ಆ ದಂಧೆಯನ್ನು ಹೌಸಿಯ ಜೊತೆ ಒಂದೇ ತಕ್ಕಡಿಗೆ ಹಾಕಬಾರದು. ಈಗಿನ ಹರಡುವಿಕೆ ಬೇರೆ ಕಡೆಯಿಂದ ಬಂದದ್ದು: ಅಪಾರ್ಟ್‌ಮೆಂಟಿನ ಗಣೇಶೋತ್ಸವ, ರಾಜ್ಯೋತ್ಸವ, ಕಿಟಿ ಪಾರ್ಟಿ, ಮದುವೆಯ ಸಂಗೀತದ ಸಂಜೆ, 2020ರ ಲಾಕ್‌ಡೌನಿನ ವಾಟ್ಸಾಪ್ ಗುಂಪುಗಳು.

ನಮ್ಮ ಸಂಘದಲ್ಲಿ ಆಡಿಸಿದರೆ ಕಾನೂನಿನ ತೊಡಕಿದೆಯೇ?

ಹೌಸಿ ಕೌಶಲದ ಆಟವಲ್ಲ, ಪೂರ್ತಿ ಅದೃಷ್ಟದ್ದು. ಆದ್ದರಿಂದ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲಿ ಕೌಶಲದ ಆಟಗಳಿಗೆ ಇರುವ ವಿನಾಯಿತಿ ಇದಕ್ಕೆ ಸಿಗುವುದಿಲ್ಲ. ಹಣ ಕಟ್ಟಿಸಿಕೊಂಡು ಅದರಲ್ಲಿ ನಡೆಸುವವರು ಪಾಲು ಉಳಿಸಿಕೊಳ್ಳುವುದು ನೇರವಾಗಿ ಅಪಾಯದ ದಾರಿ. ಸುರಕ್ಷಿತ ಕ್ರಮ: ಟಿಕೆಟ್ ಉಚಿತ, ಬಹುಮಾನ ಸಂಘದ ನಿಧಿಯಿಂದ ಅಥವಾ ಪ್ರಾಯೋಜಕರಿಂದ, ಅದೂ ವಸ್ತುರೂಪದಲ್ಲಿ. ಆನ್‌ಲೈನಿನಲ್ಲಿ ಹಣ ಕಟ್ಟಿಸುವುದಂತೂ ಬೇಡವೇ ಬೇಡ. ಆಗಸ್ಟ್ 2025ರಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣದ ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ ಇಟ್ಟಿದೆ. ಕೊಲ್ಲಿ ದೇಶಗಳ ಕನ್ನಡ ಮತ್ತು ತುಳು ಸಂಘದವರಿಗೂ ಇದೇ ಮಾತು: ಅಲ್ಲಿ ಕಾನೂನು ಇನ್ನೂ ಬಿಗಿ, ಉಚಿತ ಟಿಕೆಟ್ಟಿನಾಚೆ ಹೆಜ್ಜೆ ಇಡಬೇಡಿ.

ಒಂದು ಸುತ್ತಿಗೆ ಎಷ್ಟು ಹೊತ್ತು ಹಿಡಿಯುತ್ತದೆ? ಬಹುಮಾನ ಹೇಗೆ ಹಂಚಬೇಕು?

ಟಿಕೆಟ್ ಎಷ್ಟು ಎಂಬುದರ ಮೇಲೆ ನಿಂತಿದೆ. ಒಂದೇ ಟಿಕೆಟ್ ಇದ್ದರೆ ಪೂರ್ತಿ ತುಂಬಲು ಸರಾಸರಿ 85 ನಂಬರ್ ಬೇಕು. 20 ಟಿಕೆಟ್ ಇದ್ದರೆ ಯಾರಾದರೊಬ್ಬರ ಫುಲ್ ಹೌಸ್ 73ರ ಆಸುಪಾಸಿಗೆ ಬೀಳುತ್ತದೆ, 100 ಇದ್ದರೆ 67ರ ಆಸುಪಾಸಿಗೆ. ಹತ್ತು ಸೆಕೆಂಡಿಗೊಂದು ಕೂಗಿದರೆ ಹನ್ನೆರಡು ನಿಮಿಷ. ಬಹುಮಾನ ಪರಿಶೀಲನೆ, ನಗು ಮಾತು ಸೇರಿ ಇಪ್ಪತ್ತು ನಿಮಿಷ ಇಟ್ಟುಕೊಳ್ಳಿ.

20 ಟಿಕೆಟ್ಟಿನ ಆಟದಲ್ಲಿ ಅರ್ಲಿ ಫೈವ್ (ಯಾವುದೇ ಐದು ನಂಬರ್ ಮೊದಲು ತುಂಬಿದವರಿಗೆ) 12ನೆಯ ಅಥವಾ 13ನೆಯ ನಂಬರಿಗೇ ಹೋಗುತ್ತದೆ, ನಾಲ್ಕು ಮೂಲೆ (ಮೇಲಿನ ಮತ್ತು ಕೆಳಗಿನ ಸಾಲಿನ ಮೊದಲ, ಕೊನೆಯ ನಂಬರ್) 40ರ ಹತ್ತಿರ, ಒಂದೊಂದು ಸಾಲು 47ರ ಹತ್ತಿರ. ಅಂದರೆ ಮೊದಲ ಬಹುಮಾನವಾದ ಮೇಲೆ ದೊಡ್ಡ ಬಿಡುವು ಬರುತ್ತದೆ, ಜನ ಮೊಬೈಲ್ ತೆಗೆಯುವುದು ಆಗಲೇ. ಆ ನಡುವೆ 'ಏಳು ನಂಬರ್ ಮೊದಲು ತುಂಬಿದವರಿಗೆ' ಎಂದು ಸಣ್ಣದೊಂದು ಬಹುಮಾನ ಸೇರಿಸಿದರೆ ಆಟ ತಣ್ಣಗಾಗುವುದಿಲ್ಲ. 3,000 ರೂಪಾಯಿ ಬಜೆಟ್ಟಿದ್ದರೆ ಅರ್ಲಿ ಫೈವ್‌ಗೆ 300, ಮೂಲೆಗಳಿಗೆ 300, ಮೂರು ಸಾಲಿಗೆ ತಲಾ 400, ಫುಲ್ ಹೌಸಿಗೆ 800, ಎರಡನೆಯ ಹೌಸಿಗೆ 400. ಆ ಏಳರ ಬಹುಮಾನಕ್ಕೆ ಒಂದು ಚಾಕೊಲೇಟ್ ಪೊಟ್ಟಣ ಸಾಕು.

ಎಲ್ಲಿ ಎಡವಟ್ಟಾಗುತ್ತದೆ?

ಕಿವಿಯಲ್ಲಿ. ಕನ್ನಡದಲ್ಲಿ ಕೂಗುವಾಗ ಇಪ್ಪತ್ತು, ಎಪ್ಪತ್ತು ಮೈಕಿನಲ್ಲಿ ಒಂದೇ ಥರ ಕೇಳುತ್ತವೆ; ಎಪ್ಪತ್ತಾರು, ಇಪ್ಪತ್ತಾರು ಇನ್ನೂ ಕಷ್ಟ. ಮೊದಲು ಬಿಡಿ ಅಂಕಿ, ಆಮೇಲೆ ಇಡೀ ಸಂಖ್ಯೆ ಹೇಳಿ: 'ಏಳು ಆರು, ಎಪ್ಪತ್ತಾರು'. ತೆಗೆದ ಬಿಲ್ಲೆಯನ್ನು ಹಲಗೆಯ ಮೇಲೆ ಅದರ ಮನೆಯಲ್ಲಿಟ್ಟ ಮೇಲೇ ಮುಂದಿನದಕ್ಕೆ ಕೈ ಹಾಕಿ. ಶುರುವಿಗೆ ಮುನ್ನ 90 ಬಿಲ್ಲೆಯನ್ನೂ ಹಲಗೆಯ ಮೇಲೆ ಜೋಡಿಸಿ ನೋಡಿ. ಒಂದು ಸೋಫಾದಡಿ ಉಳಿದಿದ್ದರೂ ಆ ನಂಬರ್ ಇರುವ ಟಿಕೆಟ್ಟಿಗೆ ಹೌಸ್ ಆಗುವುದೇ ಇಲ್ಲ. 6, 9ರ ಅಡಿಗೆರೆ ಅಳಿಸಿದ್ದರೆ ಪೆನ್ನಿನಿಂದ ತಿದ್ದಿ.

ಜಗಳ ಹುಟ್ಟುವುದು ಮಾತ್ರ ತಡವಾಗಿ ಕೂಗಿದವರಿಂದ. ಕೊನೆಗೆ ಕೂಗಿದ ನಂಬರಿನ ಮೇಲೆ, ಮುಂದಿನ ನಂಬರ್ ಬಾಯಿಂದ ಬರುವ ಮುನ್ನ ಕೂಗಿದರಷ್ಟೇ ಬಹುಮಾನ. ತಪ್ಪಾಗಿ ಕೂಗಿದರೆ ಬೋಗಿ, ಆ ಟಿಕೆಟ್ ಆಟದಿಂದ ಹೊರಗೆ. ಇಬ್ಬರು ಒಟ್ಟಿಗೆ ಕೂಗಿದರೆ ಸಮಪಾಲು. ಈ ಮೂರು ನಿಯಮವನ್ನು ಮೊದಲೇ ಮೈಕಿನಲ್ಲಿ ಹೇಳಿ. ಜೂಮ್‌ನಲ್ಲಿ ಆಡಿಸುವಾಗ ಧ್ವನಿ ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ ತಲುಪುವುದರಿಂದ ಬಾಯಿಮಾತಿನ ಕೂಗು ನಂಬಬೇಡಿ. ಚಾಟಿನಲ್ಲಿ ಬರೆಯಿಸಿ, ಪ್ರತಿ ನಂಬರಿನ ನಂತರ ಎಂಟು ಸೆಕೆಂಡ್ ಕಾಯಿರಿ.

ಅಮೆರಿಕದ ಕನ್ನಡ ಕೂಟದವರು ಅಲ್ಲಿನ ಅಂಗಡಿಯ ಬಿಂಗೋ ಸೆಟ್ ಕೊಂಡು ನಮ್ಮ ಟಿಕೆಟ್ ಮುದ್ರಿಸಿ ಆಡಿಸಬಹುದೇ?

ಬೇಡ. ಅಲ್ಲಿನ ಸೆಟ್ಟಿನಲ್ಲಿ ಇರುವುದು 75 ಚೆಂಡು. ನಮ್ಮ ಟಿಕೆಟ್ಟಿನ ಪ್ರತಿ ಕಂಬದಲ್ಲೂ ಒಂದಾದರೂ ನಂಬರ್ ಇರಲೇಬೇಕೆಂಬುದು ಅಚ್ಚಿನ ನಿಯಮ, ಕೊನೆಯ ಕಂಬ ಶುರುವಾಗುವುದೇ 80ರಿಂದ. ಅಂದರೆ 75 ಚೆಂಡು ಮುಗಿದರೂ ಒಬ್ಬರಿಗೂ ಫುಲ್ ಹೌಸ್ ಆಗುವುದಿಲ್ಲ. ಸೆಟ್ಟಿನ ಜೊತೆ ಬಂದ ಚೌಕ ಕಾರ್ಡೇ ಬಳಸಿ, ಇಲ್ಲವೇ 90ರ ಬಿಲ್ಲೆಗಳನ್ನು ಊರಿಂದ ತರಿಸಿ.

ಕನ್ನಡದಲ್ಲಿ ಕೂಗಲು ಮಾತುಗಳಿವೆಯೇ?

ಬ್ರಿಟಿಷರ ಪ್ರಾಸವನ್ನೇ ಎರವಲು ತರಬೇಕಿಲ್ಲ, ನಮ್ಮಲ್ಲಿ ಎಣಿಕೆಗೆ ಬಡತನವಿಲ್ಲ. 5 ಪಾಂಡವರು, 7 ಸಪ್ತಋಷಿಗಳು, 9 ನವಗ್ರಹ, 12 ಜ್ಯೋತಿರ್ಲಿಂಗ, 18 ಭಾರತದ ಪರ್ವ, 27 ನಕ್ಷತ್ರ, 31 ನಮ್ಮ ಜಿಲ್ಲೆಗಳು, 56 ಏಕೀಕರಣದ ವರ್ಷ, 60 ಸಂವತ್ಸರ, 63 ಪುರಾತನರು, 64 ವಿದ್ಯೆ, 73 ಕರ್ನಾಟಕ ಎಂದು ಹೆಸರಿಟ್ಟ ವರ್ಷ, 83 ಕಪಿಲ್ ದೇವ್ ಕಪ್ ಎತ್ತಿದ್ದು. ಮೊದಲು ಒಗಟು ಹೇಳಿ, ಮಕ್ಕಳು ಉತ್ತರ ಕೂಗಲಿ, ಆಮೇಲೆ ನಂಬರ್ ಹೇಳಿ. ಒಂದು ಎಚ್ಚರ: ಒಗಟಿನ ಗದ್ದಲದಲ್ಲಿ ನಂಬರ್ ಮುಳುಗಿಹೋಗುತ್ತದೆ. ಕೊನೆಯ ಇಪ್ಪತ್ತು ನಂಬರಿಗೆ ಬಂದಾಗ ಒಗಟು ನಿಲ್ಲಿಸಿ ಬರೀ ನಂಬರ್ ಕೂಗಿ. ಆಗ ಕೆಲವರಿಗೆ ಒಂದೋ ಎರಡೋ ಮನೆ ಮಾತ್ರ ಉಳಿದಿರುತ್ತದೆ, ಹಾಲ್ ತಾನಾಗೇ ಮೌನವಾಗುತ್ತದೆ.